ಶಾಲೆ ಬಿಟ್ಟ ಕಾರಣ

ಕರ್ನಾಟಕದ ಕನ್ನಡ ಶಾಲೆಗಳಲ್ಲಿ ಓದಿದವರಿಗೆ ಏಪ್ರಿಲ್ 10 ಎಂಬ ತಾರೀಖನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂದು ಪಾಸು ಫೇಲು ಗೊತ್ತಾದರೆ ಮರುದಿನದಿಂದ ಅಜ್ಜಿ ಮನೆ, ಮಾವಿನ ತೋಪು. ಮಕ್ಕಳಿಗೆ ವರ್ಷ ಅಲ್ಲಿಗೆ ಮುಗಿಯಿತು. ಮುಖ್ಯೋಪಾಧ್ಯಾಯರಿಗೆ ಅದು ಮುಗಿಯುವುದು ಕಾಗದದ ಮೇಲೆ. ಅಂಕಪಟ್ಟಿ, ಬಿಸಿಯೂಟದ ಅಕ್ಕಿ ಬೇಳೆಯ ಉಳಿಕೆ, ಎಸ್‌ಡಿಎಂಸಿ ಸಭೆಯ ನಡಾವಳಿ, ಸ್ಯಾಟ್ಸ್ ತಂತ್ರಾಂಶಕ್ಕೆ ತುಂಬಬೇಕಾದ ವಿವರಗಳು. ಇವುಗಳ ನಡುವೆ ವರ್ಗಾವಣೆ ಪತ್ರಗಳ ಒಂದು ಕಟ್ಟು. ನಮ್ಮೆಲ್ಲರ ಬಾಯಲ್ಲಿ ಅದು ಟಿ.ಸಿ.

ಟಿ.ಸಿ.ಯನ್ನು ಯಾರೂ ಓದುವುದಿಲ್ಲ. ಹುಟ್ಟಿದ ದಿನಾಂಕ ಸರಿಯಾಗಿದೆಯೇ, ಜಾತಿ ಸರಿಯಾಗಿದೆಯೇ, ಮೊಹರು ಬಿದ್ದಿದೆಯೇ ನೋಡಿ ಮಡಚಿಟ್ಟುಕೊಳ್ಳುತ್ತಾರೆ. ಆದರೆ ಅದರಲ್ಲಿ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ಎರಡು ಅಂಕಣಗಳಿವೆ. ಒಂದು ‘ನಡತೆ’, ಇನ್ನೊಂದು ‘ಶಾಲೆ ಬಿಟ್ಟ ಕಾರಣ’.

ನಡತೆಯ ಮುಂದೆ ಸಾಮಾನ್ಯವಾಗಿ ಎಲ್ಲರಿಗೂ ‘ಉತ್ತಮ’ ಎಂದೇ ಬರೆದಿರುತ್ತದೆ. ಬೆಂಚು ಮುರಿದವನಿಗೂ, ಗೋಡೆಯ ಮೇಲೆ ಮೇಷ್ಟರ ಅಡ್ಡಹೆಸರು ಬರೆದವನಿಗೂ ಅದೇ. ಇದು ಸುಳ್ಳೇ? ಕಟ್ಟುನಿಟ್ಟಾಗಿ ನೋಡಿದರೆ ಸುಳ್ಳೇ ಸರಿ. ಆದರೂ ನನಗೆ ಇದರಲ್ಲಿ ತಪ್ಪು ಕಾಣುವುದಿಲ್ಲ. ಹನ್ನೆರಡು ವರ್ಷದ ಹುಡುಗನ ಕಿಡಿಗೇಡಿತನವನ್ನು ಅವನ ಬೆನ್ನಿಗೆ ಕಟ್ಟಿ ಮುಂದಿನ ಊರಿಗೆ ಕಳಿಸುವ ಹಕ್ಕು ಯಾವ ಶಾಲೆಗೂ ಇಲ್ಲ. ಸೋಮಾರಿತನದಿಂದಲೇ ಬರೆದಿದ್ದರೂ ಆ ‘ಉತ್ತಮ’ದಲ್ಲಿ ಒಂದು ಕ್ಷಮೆಯಿದೆ. ಆ ಸುಳ್ಳಿನಿಂದ ನಷ್ಟವಾಗುವುದಿದ್ದರೆ ಅದು ಹೇಳಿದವನಿಗೇ ಹೊರತು ಮಗುವಿಗಲ್ಲ.

ಎರಡನೆಯ ಅಂಕಣದ ಸಂಗತಿ ಬೇರೆ. ಅಲ್ಲಿ ಬರೆದಿರುವುದು ಹೆಚ್ಚಾಗಿ ‘ಪೋಷಕರ ಕೋರಿಕೆಯ ಮೇರೆಗೆ’. ಎಷ್ಟೋ ಸಲ ಅದು ನಿಜ; ಅಪ್ಪನಿಗೆ ಬೇರೆ ಊರಿಗೆ ವರ್ಗವಾಗಿರುತ್ತದೆ, ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಗಿಂತ ಮುಂದೆ ಇರುವುದಿಲ್ಲ. ಆದರೆ ಒಂಬತ್ತನೆಯ ತರಗತಿ ಮುಗಿದ ಹುಡುಗನ ಟಿ.ಸಿ.ಯಲ್ಲಿ ಈ ಮಾತು ಕಂಡರೆ ಸ್ವಲ್ಪ ನಿಂತು ಯೋಚಿಸಬೇಕು. ಹತ್ತನೆಯ ತರಗತಿಯ ಫಲಿತಾಂಶ ಶೇಕಡಾ 100 ಬರಬೇಕು ಎಂಬ ಹಟವಿರುವ ಶಾಲೆಗಳಲ್ಲಿ ಏಪ್ರಿಲ್ ತಿಂಗಳು ಜರಡಿ ಹಿಡಿಯುವ ತಿಂಗಳು. ಗಣಿತದಲ್ಲಿ ಹಿಂದೆ ಬಿದ್ದವನ ತಂದೆಯನ್ನು ಕರೆಸಿ, ಕುರ್ಚಿ ಕೊಟ್ಟು, ನೀರು ಕೊಟ್ಟು, ‘ನಿಮ್ಮ ಹುಡುಗನಿಗೆ ಇಲ್ಲಿನ ಒತ್ತಡ ತಡೆಯಲಾಗದು, ಬೇರೆ ಕಡೆ ಸೇರಿಸಿದರೆ ಅವನಿಗೇ ಒಳ್ಳೆಯದು’ ಎಂದು ಮೆಲ್ಲಗೆ ಹೇಳಲಾಗುತ್ತದೆ. ಗದರುವುದೇನೂ ಇಲ್ಲ. ತಂದೆ ಒಂದು ಅರ್ಜಿ ಬರೆದುಕೊಡುತ್ತಾರೆ. ಕೋರಿಕೆ ಪೋಷಕರದ್ದೇ ಆಯಿತು!

ಕಾನೂನು ಇಲ್ಲಿ ಒಂದು ವಿಚಿತ್ರ ಜಾಗದಲ್ಲಿ ನಿಂತುಬಿಟ್ಟಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರಾಥಮಿಕ ಶಿಕ್ಷಣ, ಅಂದರೆ ಎಂಟನೆಯ ತರಗತಿ, ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಮಗು ಬೇರೆ ಶಾಲೆಗೆ ಹೋಗಬಯಸಿದರೆ ಮುಖ್ಯೋಪಾಧ್ಯಾಯರು ತಡಮಾಡದೆ ಟಿ.ಸಿ. ಕೊಡಬೇಕು, ತಡಮಾಡಿದರೆ ಅವರ ಮೇಲೆಯೇ ಶಿಸ್ತುಕ್ರಮ. ಹೋಗಲು ಬಯಸುವ ಮಗುವನ್ನು ತಡೆಹಿಡಿಯಬಾರದು ಎಂದು ಇಷ್ಟು ಎಚ್ಚರದಿಂದ ಬರೆದ ಕಾಯ್ದೆ ಎಂಟರ ಗಡಿ ದಾಟಿದ ಕೂಡಲೇ ಸುಮ್ಮನಾಗುತ್ತದೆ. ಉಳಿಯಲು ಬಯಸುವ ಒಂಬತ್ತನೆಯ ತರಗತಿಯ ಮಗುವನ್ನು ನಯವಾಗಿ ಸಾಗಹಾಕಿದರೆ ಅಲ್ಲಿ ಕೇಳಲು ಉಳಿಯುವುದು ಮುಖ್ಯೋಪಾಧ್ಯಾಯರ ಮನಸ್ಸಾಕ್ಷಿ ಮಾತ್ರ.

ಪ್ರಿನ್ಸಿಪಾಲರ ಪರವಾಗಿಯೂ ಹೇಳಲು ಮಾತಿದೆ. ಆಡಳಿತ ಮಂಡಳಿ ಕೇಳುವುದು ಶೇಕಡಾವಾರು, ಇಲಾಖೆ ಕೇಳುವುದು ಶೇಕಡಾವಾರು. ಮೇ ತಿಂಗಳಲ್ಲಿ ಮಗುವನ್ನು ಸೇರಿಸಲು ಬರುವ ತಾಯಿ ತಂದೆಯರು ಮೊದಲು ನೋಡುವುದು ಗೇಟಿಗೆ ಕಟ್ಟಿದ ಫ್ಲೆಕ್ಸ್ ಅನ್ನೇ. ನಾವೆಲ್ಲ ಒಟ್ಟಾಗಿ ಬಯಸಿದ್ದನ್ನು ಒಬ್ಬರ ಕೈಯಿಂದ ಮಾಡಿಸಿ ಆಮೇಲೆ ಅವರನ್ನು ಮಾತ್ರ ಕಟುಕ ಎನ್ನುವುದು ನ್ಯಾಯವಲ್ಲ. ಆದರೂ ಸಹಿ ಅವರದು.

ಸರ್ಕಾರಿ ಶಾಲೆಗಳಲ್ಲಿ ಇದೇ ಪ್ರಶ್ನೆಗೆ ಬೇರೆ ಮುಖ. ಅಲ್ಲಿ ಮಕ್ಕಳನ್ನು ಕಳಿಸುವುದಿಲ್ಲ, ಮಕ್ಕಳೇ ಕಾಣೆಯಾಗುತ್ತಾರೆ. ಶಾಲೆಯಿಂದ ಹೊರಗುಳಿದ ಮಕ್ಕಳ ಸಂಖ್ಯೆಯ ಬಗ್ಗೆ ಪತ್ರಿಕೆಯಲ್ಲಿ ಬಂದ ವರದಿ ನೋಡಿ ಕರ್ನಾಟಕ ಹೈಕೋರ್ಟ್ 2013ರಲ್ಲಿ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತ್ತು. ಆ ಬಳಿಕ ನಿಯಮ ಬಿಗಿಯಾಯಿತು: ಮೊದಲು ಅರವತ್ತು ದಿನ ಬಾರದಿದ್ದರೆ ‘ಹೊರಗುಳಿದ ಮಗು’, ಈಗ ಏಳು ದಿನ. ಹಾಜರಿ ಪುಸ್ತಕ ಅಷ್ಟರಮಟ್ಟಿಗೆ ಚುರುಕಾಯಿತು. ಆದರೆ ಗೈರಾದವರನ್ನು ಹುಡುಕಲು ಒಳ್ಳೆಯ ಕಾಲ ಯಾವುದು ಎಂಬುದು ನಿಯಮಕ್ಕೆ ಗೊತ್ತಿರುವುದಿಲ್ಲ, ಊರಿಗೆ ಗೊತ್ತಿರುತ್ತದೆ. ಯಾದಗಿರಿ, ರಾಯಚೂರು ಕಡೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ ಕುಟುಂಬಗಳು ಎಷ್ಟೋ ಸಲ ಊರಿಗೆ ಮರಳುವುದು ಯುಗಾದಿಗೆ, ಇಲ್ಲವೇ ಊರ ಜಾತ್ರೆಗೆ. ಶಾಲೆ ಬಾಗಿಲು ಹಾಕುವ ಹೊತ್ತಿಗೇ ಊರು ತುಂಬುತ್ತದೆ. ಜೂನ್‌ನಲ್ಲಿ ಬರೆದ ಹಾಜರಿಯ ಹೆಸರುಗಳನ್ನೂ ಏಪ್ರಿಲ್‌ನಲ್ಲಿ ಉಳಿದ ಹೆಸರುಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು, ಜಾತ್ರೆಯ ಸಂಜೆ ಓಣಿಯಲ್ಲಿ ಒಂದು ಸುತ್ತು ಹಾಕುವ ಮೇಷ್ಟರಿಗೆ ಸಿಗುವಷ್ಟು ಮಕ್ಕಳು ‘ಪ್ರಾರಂಭೋತ್ಸವ’ದ ದಿನದ ತೋರಣಕ್ಕೆ ಸಿಗುವುದಿಲ್ಲ. ಇನ್ನೊಂದು ಮಾತು. ಬೇಸಿಗೆ ಮದುವೆಗಳ ಕಾಲ. ಎಂಟು, ಒಂಬತ್ತರ ಹುಡುಗಿಯರಲ್ಲಿ ಯಾರು ಜೂನ್‌ಗೆ ಬರಲಾರರು ಎಂಬುದು ತರಗತಿಯ ಗೆಳತಿಯರಿಗೆ ಮಾರ್ಚ್‌ನಲ್ಲೇ ತಿಳಿದಿರುತ್ತದೆ. ಅವರನ್ನು ಕೂರಿಸಿಕೊಂಡು ಕೇಳಿದರೆ ಸಾಕು.

ಕೇಳುವುದು ಎಂದಾಗ ‘ತೊತ್ತೋಚಾನ್’ ನೆನಪಾಗುತ್ತದೆ. ತೆತ್ಸುಕೊ ಕುರೊಯಾನಗಿಯ ಆ ಪುಸ್ತಕ ಕನ್ನಡದಲ್ಲೂ ಇದೆ. ಒಂದನೆಯ ತರಗತಿಯಲ್ಲೇ ಶಾಲೆಯಿಂದ ಹೊರಬಿದ್ದ ಹುಡುಗಿಯನ್ನು ಹೊಸ ಶಾಲೆಯ ಮುಖ್ಯೋಪಾಧ್ಯಾಯ ಕೊಬಾಯಾಶಿ ಎದುರಿಗೆ ಕೂರಿಸಿಕೊಂಡು ನಾಲ್ಕು ಗಂಟೆ ಅವಳ ಮಾತು ಕೇಳುತ್ತಾರೆ. ನಾವು ಆ ನಾಲ್ಕು ಗಂಟೆಯನ್ನು ಮೆಚ್ಚುತ್ತೇವೆ, ಮೆಚ್ಚಬೇಕಾದದ್ದೇ. ನನಗೆ ಮಾತ್ರ ಮೊದಲ ಶಾಲೆಯೇ ಹೆಚ್ಚು ನೆನಪಾಗುತ್ತದೆ. ಅಲ್ಲಿ ಯಾರಾದರೂ ನಾಲ್ಕು ನಿಮಿಷ ಕೇಳಿದ್ದರೆ? ಕೊಬಾಯಾಶಿ ಹೊಸದಾಗಿ ಬರುವ ಮಗುವಿಗೆ ಸಮಯ ಕೊಟ್ಟರು. ಬಿಟ್ಟುಹೋಗುವ ಮಗುವಿಗೆ ಸಮಯ ಕೊಡುವುದು ಅದಕ್ಕಿಂತ ಕಷ್ಟ, ಏಕೆಂದರೆ ಅದರಿಂದ ಶಾಲೆಗೆ ಇನ್ನು ಯಾವ ಉಪಯೋಗವೂ ಇಲ್ಲ. ಅಂಕ ತರುವುದಿಲ್ಲ, ಶುಲ್ಕ ತರುವುದಿಲ್ಲ, ಫ್ಲೆಕ್ಸ್‌ನಲ್ಲಿ ಮುಖ ಬರುವುದಿಲ್ಲ. ಆ ಮಗುವಿನ ಎದುರು ಅರ್ಧ ಗಂಟೆ ಕೂತು ‘ಯಾಕೆ ಹೋಗ್ತಿದ್ದೀ?’ ಎಂದು ಕೇಳುವ ಪ್ರಿನ್ಸಿಪಾಲರು ಮಗುವನ್ನು ಮಗುವೆಂದೇ ನೋಡುತ್ತಿದ್ದಾರೆ ಎನ್ನಬಹುದು. ಮಿಕ್ಕ ಹನ್ನೊಂದು ತಿಂಗಳಲ್ಲಿ ಇದನ್ನು ಪರೀಕ್ಷಿಸಿ ನೋಡುವುದು ಸುಲಭವಲ್ಲ.

ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರು ವರ್ಗವಾದಾಗ ಚಾರ್ಜ್ ಪಟ್ಟಿ ಎಂದೊಂದು ಬರೆದುಕೊಡಬೇಕು. ಕುರ್ಚಿ ಎಷ್ಟು, ಮೇಜು ಎಷ್ಟು, ಅಡುಗೆ ಮನೆಯ ಪಾತ್ರೆ ಎಷ್ಟು, ಸಿಲಿಂಡರ್ ಎಷ್ಟು, ಗೋಡೆಯ ಭೂಪಟ ಹರಿದಿದೆಯೋ ಇಲ್ಲವೋ. ನನಗೆ ಪರಿಚಯವಿದ್ದ ಒಬ್ಬ ಮುಖ್ಯಶಿಕ್ಷಕಿ ಅದರ ಜೊತೆಗೆ ಕೈಬರಹದ ಒಂದು ಹಾಳೆಯನ್ನು ಪಿನ್ ಮಾಡಿದ್ದರು. ಆರನೆಯ ತರಗತಿಯ ಹುಡುಗಿಗೆ ಬೋರ್ಡು ಕಾಣುವುದಿಲ್ಲ, ಕೇಳಿದರೆ ಕಾಣುತ್ತದೆ ಅನ್ನುತ್ತಾಳೆ, ಮುಂದೆ ಕೂರಿಸಿ. ನಾಲ್ಕನೆಯ ತರಗತಿಯ ಅಣ್ಣತಮ್ಮಂದಿರಲ್ಲಿ ದಿನಕ್ಕೊಬ್ಬನೇ ಬರುತ್ತಾನೆ, ಮನೆಯಲ್ಲಿ ಒಂದೇ ಜೊತೆ ಸಮವಸ್ತ್ರ ಉಳಿದಿದೆ. ದೀಪಾವಳಿ ಆದಮೇಲೆ ಮೂರು ಮಕ್ಕಳು ಬೆಂಗಳೂರಿಗೆ ಹೋಗುತ್ತಾರೆ, ಅಲ್ಲಿನ ಮೇಸ್ತ್ರಿಯ ಫೋನ್ ನಂಬರು ಹಿಂಬದಿಯಲ್ಲಿದೆ.

ಚಾರ್ಜ್ ವಹಿಸಿಕೊಂಡವರು ಪಟ್ಟಿಯ ಪ್ರತಿ ಪುಟಕ್ಕೂ ಮೊಹರು ಒತ್ತುತ್ತಾ ಬಂದು, ಆ ಹಾಳೆ ಬಂದಾಗ ಕೈ ನಿಲ್ಲಿಸಿ, ‘ಇದಕ್ಕೂ ಸೀಲ್ ಹಾಕಬೇಕಾ ಮೇಡಂ?’ ಎಂದು ಕೇಳಿದರಂತೆ. ಹಾಕಿ ಎಂದರಂತೆ ಅವರು.