ಸಂಶಯದ ತಕ್ಕಡಿ

ಮನುಷ್ಯನನ್ನು ಮೈಬಣ್ಣದಿಂದ ಅಳೆಯುವ ರೋಗ ಬಹಳ ಹಳೆಯದು. ವರ್ಣಭೇದವೆಂದೊಡನೆ ನಮಗೆ ನೆನಪಾಗುವುದು ಗುಲಾಮರ ಸಂತೆ, ದಕ್ಷಿಣ ಆಫ್ರಿಕದ ಕರಾಳ ಶಾಸನಗಳು, ಅಮೆರಿಕದ ಬಸ್ಸುಗಳಲ್ಲಿ ಕರಿಯರಿಗೆಂದೇ ಮೀಸಲಾಗಿದ್ದ ಹಿಂದಿನ ಆಸನಗಳು. ಆ ಕಾನೂನುಗಳು ಇಂದು ರದ್ದಾಗಿವೆ. ಆದರೆ ಶಾಸನದ ಪುಟದಿಂದ ಅಳಿಸಿದ್ದೆಲ್ಲ ಮನಸ್ಸಿನಿಂದಲೂ ಅಳಿಸಿಹೋಗಿದೆಯೇ? ಇಲ್ಲ. ಅದು ಸಂಶಯದ ರೂಪ ತಾಳಿ ನಿತ್ಯಜೀವನದಲ್ಲಿ ಉಳಿದುಕೊಂಡಿದೆ. ಈ ರೂಪದಲ್ಲಿ ಅದನ್ನು ಗುರುತಿಸುವುದು ಕಷ್ಟ. ಏಕೆಂದರೆ ಸಂಶಯಪಡುವವನು ತಾನು ಅನ್ಯಾಯ ಮಾಡುತ್ತಿದ್ದೇನೆಂದು ತಿಳಿಯುವುದಿಲ್ಲ. ಎಚ್ಚರಿಕೆಯಿಂದ ಇದ್ದೇನೆಂದಷ್ಟೇ ತಿಳಿಯುತ್ತಾನೆ.

ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ 2018ರ ಎಪ್ರಿಲ್ 12ರಂದು ನಡೆದ ಘಟನೆಯೊಂದು ಇದಕ್ಕೆ ಒಳ್ಳೆಯ ದೃಷ್ಟಾಂತ. 23 ವರ್ಷದ ಇಬ್ಬರು ಕರಿಯ ಯುವಕರು ಸ್ಟಾರ್‌ಬಕ್ಸ್ ಎಂಬ ಪ್ರಸಿದ್ಧ ಕಂಪೆನಿಯ ಕಾಫಿ ಅಂಗಡಿಗೆ ಬಂದರು. ಸ್ವಂತ ವ್ಯಾಪಾರ ಕಟ್ಟಬೇಕೆಂದು ಹೊರಟಿದ್ದ ಬಾಲ್ಯದ ಗೆಳೆಯರು ಅವರು. ಜಮೀನು, ಕಟ್ಟಡಗಳ ವ್ಯವಹಾರದ ಕುರಿತು ಮಾತನಾಡಲು ಒಬ್ಬ ಬಿಳಿಯ ವ್ಯಾಪಾರಿ ಅಲ್ಲಿಗೆ ಬರುವವನಿದ್ದ. ಹೇಳಿದ ಸಮಯಕ್ಕಿಂತ ಸ್ವಲ್ಪ ಮೊದಲೇ ಬಂದು ಕುಳಿತದ್ದೇ ಅವರ ತಪ್ಪಾಯಿತು. ಒಬ್ಬನು ಶೌಚಾಲಯ ಕೇಳಿದಾಗ, ಏನಾದರೂ ಕೊಂಡವರಿಗೆ ಮಾತ್ರವೆಂಬ ಉತ್ತರ ಬಂತು. ಅವರು ಬಂದು ಕೆಲವೇ ನಿಮಿಷಗಳಾಗಿದ್ದವು. ಅಷ್ಟರಲ್ಲೇ ಅಂಗಡಿಯ ಮ್ಯಾನೇಜರಳು ಪೊಲೀಸರಿಗೆ ಫೋನ್ ಮಾಡಿದಳು. ವ್ಯಾಪಾರಿ ಬಂದು ಮುಟ್ಟುವಾಗ ಯುವಕರ ಕೈಗೆ ಕೋಳ ಬಿದ್ದಿತ್ತು. ಅನೇಕ ಗಂಟೆಗಳ ಕಾಲ ಬಂಧನದಲ್ಲಿಟ್ಟು, ಯಾವ ಆರೋಪವನ್ನೂ ಹೊರಿಸದೆ ಬಿಟ್ಟುಬಿಟ್ಟರು. ಏನನ್ನೂ ಕೊಳ್ಳದೆ ಗೆಳೆಯರಿಗಾಗಿ ಕಾಯುವುದು ಅಂಥ ಅಂಗಡಿಗಳಲ್ಲಿ ದಿನನಿತ್ಯದ ಸಂಗತಿ.

ಇಲ್ಲಿ ಅಂಗಡಿಗೊಂದು ನಿಯಮವಿತ್ತು, ಪೊಲೀಸರಿಗೊಂದು ಕ್ರಮವಿತ್ತು. ನಿಯಮ ಎಲ್ಲರಿಗೂ ಒಂದೇ. ಆದರೆ ಅದನ್ನು ಯಾರ ಮೇಲೆ ಬಿಗಿಯಾಗಿ, ಯಾರ ಮೇಲೆ ಸಡಿಲವಾಗಿ ಪ್ರಯೋಗಿಸಬೇಕೆಂಬುದನ್ನು ನೋಡುವವರ ಕಣ್ಣು ತೀರ್ಮಾನಿಸಿಬಿಟ್ಟಿತು. ಒಬ್ಬನು ಸುಮ್ಮನೆ ಕುಳಿತರೆ ಗೆಳೆಯನಿಗಾಗಿ ಕಾಯುತ್ತಿರಬಹುದೆಂಬ ಊಹೆ, ಇನ್ನೊಬ್ಬನು ಕುಳಿತರೆ ಏನೋ ಹೊಂಚು ಹಾಕುತ್ತಿರಬಹುದೆಂಬ ಊಹೆ. ತಕ್ಕಡಿ ಒಂದೇ ಆದರೂ ತೂಕದ ಬಟ್ಟು ಬೇರೆಯಾಯಿತು.

ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯವನ್ನು ಓದುವವರು ಒಂದು ಅಂಶವನ್ನು ಗಮನಿಸಬೇಕು. ಅತಿಯಾದ ಸಂಶಯದಿಂದ ದೂರವಿರಿ ಎಂಬ ಆಜ್ಞೆ ಹನ್ನೆರಡನೆಯ ಸೂಕ್ತದಲ್ಲಿದೆ. ಜನಾಂಗ, ಗೋತ್ರಗಳಿರುವುದು ಪರಸ್ಪರ ಪರಿಚಯಕ್ಕಾಗಿ, ಶ್ರೇಷ್ಠತೆಗೆ ಧರ್ಮನಿಷ್ಠೆಯೊಂದೇ ಮಾನದಂಡ ಎಂಬ ಘೋಷಣೆ ಅದರ ಬೆನ್ನಿಗೇ ಹದಿಮೂರನೆಯದರಲ್ಲಿದೆ. ಈ ಎರಡು ಮಾತುಗಳ ನೆರೆಹೊರೆ ಅರ್ಥಪೂರ್ಣವಾದುದು. ಸಂಶಯದ ಬೇರು ಇರುವವರೆಗೆ ಸಮಾನತೆಯ ಗಿಡ ನಿಲ್ಲಲಾರದು.

ಆ ಬೇರು ಕೆಟ್ಟವರ ಮನಸ್ಸಿನಲ್ಲಿ ಮಾತ್ರ ಇರುತ್ತದೆಂದು ಭಾವಿಸಬಾರದು. ಮಹಾನ್ ಸಹಾಬಿಯಾದ ಅಬೂದರ್ರ್(ರ) ಒಮ್ಮೆ ಜಗಳದಲ್ಲಿ ಒಬ್ಬರನ್ನು ಅವರ ತಾಯಿಯ ಹೆಸರೆತ್ತಿ ಹಂಗಿಸಿದರು. ಆಗ ಪ್ರವಾದಿವರ್ಯರು(ಸ), ಅವರಲ್ಲಿ ಇನ್ನೂ ಅಜ್ಞಾನ ಕಾಲದ ಅಂಶ ಉಳಿದಿದೆಯೆಂದು ನೇರವಾಗಿ ಎಚ್ಚರಿಸಿದರು. ಅವರ ವಿಶ್ವಾಸವನ್ನು ನಿರಾಕರಿಸಲಿಲ್ಲ. ಒಳಗೆ ಉಳಿದಿದ್ದ ಕೊಳೆಯನ್ನು ತೋರಿಸಿಕೊಟ್ಟರು. ಫಿಲಡೆಲ್ಫಿಯದಲ್ಲೂ ಹಾಗೆಯೇ. ಅಲ್ಲಿ ಆಗ ಪೊಲೀಸ್ ಕಮಿಷನರ್ ಆಗಿದ್ದ ರಿಚರ್ಡ್ ರಾಸ್ ಸ್ವತಃ ಕರಿಯರು. ತಮ್ಮ ಸಿಬ್ಬಂದಿ ಏನೂ ತಪ್ಪು ಮಾಡಿಲ್ಲವೆಂದೇ ಅವರು ಮೊದಲು ಸಮರ್ಥಿಸಿಕೊಂಡರು. ಕೆಲವೇ ದಿನಗಳಲ್ಲಿ ಬಹಿರಂಗವಾಗಿ ಕ್ಷಮೆ ಯಾಚಿಸಿದರು. ಅಧಿಕಾರದ ಸ್ಥಾನದಲ್ಲಿರುವವನು ಮಾತು ಹಿಂದೆಗೆದುಕೊಳ್ಳುವುದು ಸಣ್ಣ ಸಂಗತಿಯಲ್ಲ.

ಆದರೆ ಹೆಚ್ಚು ಕಲಿಯಬೇಕಾದುದು ಆ ಯುವಕರಿಂದ. ನಗರಾಡಳಿತದಿಂದ ದೊಡ್ಡ ಪರಿಹಾರ ಕೇಳುವ ಅವಕಾಶ ಅವರಿಗಿತ್ತು. ಅವರು ಪಡೆದುಕೊಂಡದ್ದು ತಲಾ ಒಂದೇ ಒಂದು ಡಾಲರ್. ಅದರ ಬದಲು, ಅಲ್ಲಿನ ಸರಕಾರಿ ಹೈಸ್ಕೂಲುಗಳ ವಿದ್ಯಾರ್ಥಿಗಳಿಗೆ ಉದ್ಯಮಶೀಲತೆ ಕಲಿಸುವ ಯೋಜನೆಯೊಂದಕ್ಕೆ 2 ಲಕ್ಷ ಡಾಲರ್ ಒದಗಿಸುವ ಭರವಸೆಯನ್ನು ನಗರದಿಂದ ಪಡೆದರು. ಕಂಪೆನಿಯೊಂದಿಗೆ ಅವರು ಪ್ರತ್ಯೇಕ ಒಪ್ಪಂದ ಮಾಡಿಕೊಂಡರು; ಹಣದ ಜೊತೆಗೆ ಕಾಲೇಜು ವಿದ್ಯಾಭ್ಯಾಸದ ಅವಕಾಶವೂ ಅದರಲ್ಲಿತ್ತು. ತನ್ನ ಹಕ್ಕನ್ನು ಕೇಳುವುದು ದೋಷವಲ್ಲ. ತನಗಾದ ನೋವಿನಿಂದ ತನ್ನ ಹಿಂದೆ ಬರುವ ಮಕ್ಕಳಿಗೊಂದು ಬಾಗಿಲು ತೆರೆಯುವುದು ಅದಕ್ಕಿಂತ ಮೇಲಿನ ಮೆಟ್ಟಿಲು. ಮೌನವಾಗಿ ನುಂಗಿಕೊಳ್ಳುವುದು, ಸೇಡು ತೀರಿಸಿಕೊಳ್ಳುವುದು ಎಂಬ ಎರಡೇ ದಾರಿಗಳಿವೆಯೆಂದು ತಿಳಿದ ನಮ್ಮ ಯುವಕರು ಈ ಮೂರನೆಯ ದಾರಿಯನ್ನು ನೋಡಬೇಕು.

ಕಂಪೆನಿಯು 2018ರ ಮೇ 29ರಂದು ಅಮೆರಿಕದ ತನ್ನ 8,000ಕ್ಕೂ ಹೆಚ್ಚು ಅಂಗಡಿಗಳನ್ನು ಅರ್ಧ ದಿನ ಮುಚ್ಚಿ ಸಿಬ್ಬಂದಿಗೆ ಪಾಠ ಹೇಳಿಸಿತು. ಏನೂ ಕೊಳ್ಳದವರೂ ಕುಳಿತುಕೊಳ್ಳಬಹುದೆಂಬ ನಿಯಮ ತಂದಿತು. 2025ರ ಜನವರಿಯಲ್ಲಿ ಅದನ್ನು ಹಿಂತೆಗೆದುಕೊಂಡಿತು. ಒಂದು ಮಧ್ಯಾಹ್ನದ ಪಾಠದಿಂದ ಹೃದಯ ಬದಲಾಗುವುದಾದರೆ ಜಗತ್ತು ಎಂದೋ ಸುಧಾರಿಸುತ್ತಿತ್ತು.

ಈ ಕಥೆಗೆ ಇನ್ನೊಂದು ಮುಖವಿದೆ. ಆ ಪ್ರದೇಶದ ಅಂಗಡಿಗಳ ಮೇಲ್ವಿಚಾರಕಿಯಾಗಿದ್ದ ಬಿಳಿಯ ಮಹಿಳೆಯನ್ನು ಕಂಪೆನಿ ಕೆಲಸದಿಂದ ತೆಗೆಯಿತು. ಪೊಲೀಸರನ್ನು ಕರೆದವಳು ಆಕೆಯಲ್ಲ. ಬಿಳಿಯಳೆಂಬ ಕಾರಣಕ್ಕೇ ತನ್ನನ್ನು ತೆಗೆದರೆಂದು ಆಕೆ ಮೊಕದ್ದಮೆ ಹೂಡಿದಳು. 2023ರಲ್ಲಿ ನ್ಯಾಯಮಂಡಳಿ ಆ ವಾದವನ್ನು ಒಪ್ಪಿ 2 ಕೋಟಿ 56 ಲಕ್ಷ ಡಾಲರ್ ಪರಿಹಾರ ವಿಧಿಸಿತು. ಒಂದು ಬಣ್ಣದವರಿಗಾದ ಅನ್ಯಾಯವನ್ನು ಇನ್ನೊಂದು ಬಣ್ಣದವರ ಮೇಲಿನ ಅನ್ಯಾಯದಿಂದ ತೊಳೆಯಲಾಗದು. ಯಾರ ಮೇಲಿನ ಹಗೆಯೂ ನ್ಯಾಯದ ದಾರಿ ತಪ್ಪಿಸಬಾರದೆಂಬ ಅಲ್ ಮಾಇದಾ ಅಧ್ಯಾಯದ ಬೋಧನೆಯನ್ನು ಅನ್ಯಾಯಕ್ಕೊಳಗಾದವರೂ ಮರೆಯಬಾರದು.

ಅಮೆರಿಕದವರ ತಪ್ಪನ್ನು ಎಣಿಸುವುದು ಸುಲಭ. ನಮ್ಮ ಬೆಂಗಳೂರಿನಲ್ಲೇ 2016ರ ಜನವರಿ 31ರಂದು ಸುಡಾನಿನ ಒಬ್ಬನ ಕಾರು ಬಡಿದು ಮಹಿಳೆಯೊಬ್ಬರು ತೀರಿಕೊಂಡರು. ಸ್ವಲ್ಪ ಹೊತ್ತಿನ ನಂತರ ಆ ದಾರಿಯಲ್ಲಿ ಬಂದ ತಾಂಜಾನಿಯದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ನಡೆಸಿತು, ಕಾರಿಗೆ ಬೆಂಕಿಯಿಟ್ಟಿತು. ಅಪಘಾತಕ್ಕೂ ಆಕೆಗೂ ಸಂಬಂಧವಿರಲಿಲ್ಲ. ಬಣ್ಣವೊಂದೇ ಸಂಬಂಧ. ಇನ್ನು ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಡೆ ಆಫ್ರಿಕ ಮೂಲದ ಸಿದ್ದಿಗಳಿದ್ದಾರೆ. ಅವರಲ್ಲಿ ಮುಸ್ಲಿಮರೂ ಇದ್ದಾರೆ. ಮಸೀದಿಯ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ನಾವು, ಅಂಥವರ ಮನೆಯಿಂದ ನಿಕಾಹ್ ಸಂಬಂಧ ಬಂದರೆ ಏನು ಉತ್ತರ ಕೊಡುತ್ತೇವೆ? ಹೆಣ್ಣು ನೋಡಲು ಹೋದಾಗ ಮೊದಲು ವಿಚಾರಿಸುವುದು ನಡತೆಯನ್ನೋ, ಬಣ್ಣವನ್ನೋ?

ಪ್ರಿಯ ಓದುಗರೇ, ನಾಳೆ ನಿಮ್ಮ ಅಂಗಡಿಯ ಮೆಟ್ಟಿಲಿಗೆ, ಬಾಡಿಗೆ ಮನೆಯ ಬಾಗಿಲಿಗೆ ಅಪರಿಚಿತನೊಬ್ಬ ಬಂದಾಗ ಮನಸ್ಸಿನಲ್ಲಿ ಮೊದಲು ಏಳುವ ಊಹೆಯನ್ನು ಒಂದು ಕ್ಷಣ ತಡೆದು ನೋಡಿರಿ. ಇದೇ ಊಹೆ ನಿಮ್ಮ ಅಣ್ಣತಮ್ಮಂದಿರ ವಿಷಯದಲ್ಲೂ ಏಳುತ್ತಿತ್ತೇ? ಇಲ್ಲವೆಂದಾದರೆ ತಕ್ಕಡಿಯನ್ನು ಅಲ್ಲಿಯೇ ಸರಿಪಡಿಸಿಕೊಳ್ಳಿರಿ. ತೂಕದಲ್ಲಿ ಕಡಿಮೆ ಮಾಡುವವರಿಗಿರುವ ಎಚ್ಚರಿಕೆ ಅಕ್ಕಿ, ಬೇಳೆ ಅಳೆಯುವವರಿಗೆ ಮಾತ್ರ ಸೀಮಿತವೆಂದು ಭಾವಿಸದಿರೋಣ.