ಸಾಲಿನಲ್ಲೊಂದು ಜಾಗ

ಖಾಲಿ ರಂಗದ ಮೇಲೆ ಒಂದು ಬಿಳಿ ಗೆರೆ. ಅದರುದ್ದಕ್ಕೂ ನಿಂತ 17 ಜನ ತಂತಮ್ಮ ಫೋಟೋವನ್ನೇ ಮುಖಕ್ಕೆ ಅಡ್ಡ ಹಿಡಿದಿದ್ದಾರೆ. ಕತ್ತಲಲ್ಲಿ ಕೂತ ನಿರ್ದೇಶಕನ ದನಿಯಷ್ಟೇ ಕೇಳಿಸುತ್ತದೆ: ಹೆಸರೇನು, ವಯಸ್ಸೆಷ್ಟು, ಹುಟ್ಟಿದ್ದೆಲ್ಲಿ? 1975ರಲ್ಲಿ ನ್ಯೂಯಾರ್ಕಿನಲ್ಲಿ ರಂಗಕ್ಕೆ ಬಂದ ‘ಎ ಕೋರಸ್ ಲೈನ್’ ಸಂಗೀತ ನಾಟಕಕ್ಕೆ ಕತೆ ಅಂತ ಇರುವುದು ಈ ಒಂದು ಆಡಿಷನ್ ಮಾತ್ರ. ಬೇಕಾದವರು 8 ಜನ. ಅದೂ ದೊಡ್ಡ ಪಾತ್ರಕ್ಕಲ್ಲ, ತಾರೆಯೊಬ್ಬಳ ಹಿಂದೆ ಒಂದೇ ಹೆಜ್ಜೆಯಲ್ಲಿ ಕುಣಿಯುವ ಮೇಳಕ್ಕೆ.

ನಿರ್ದೇಶಕ ಝ್ಯಾಕ್ ಒಬ್ಬೊಬ್ಬರನ್ನೂ ಕೆದಕುತ್ತಾನೆ. ಅಪ್ಪ ಅಮ್ಮನ ಸಂಸಾರ ಹಳಸಿದ್ದು, ಬ್ಯಾಲೆ ತರಗತಿಯಲ್ಲಿ ಆಸರೆ ಹುಡುಕಿದ್ದು, ಯಾರಿಗೂ ಹೇಳದ ನಾಚಿಕೆ, ಎಲ್ಲವೂ ಹೊರಬರುತ್ತವೆ. ಇಷ್ಟು ಹೇಳಿಸಿಕೊಂಡು ಕೊಡುವ ಕೆಲಸವೋ, ಪಕ್ಕದವರಿಗಿಂತ ಕೂದಲೆಳೆಯಷ್ಟೂ ಬೇರೆಯಾಗಿ ಕಾಣದೆ ಕುಣಿಯುವುದು.

ಈ ಮಾತುಗಳು ಬರೀ ಕಟ್ಟುಕತೆಯಲ್ಲ. ಮೇಳದಲ್ಲಿ ಕುಣಿದೇ ಮೇಲೆ ಬಂದು ಈ ನಾಟಕ ಕಟ್ಟಿದ ಮೈಕೆಲ್ ಬೆನೆಟ್ 1974ರ ಜನವರಿಯಲ್ಲಿ ಒಂದಷ್ಟು ನರ್ತಕರನ್ನು ಕೂರಿಸಿಕೊಂಡು, ಟೇಪ್ ರೆಕಾರ್ಡರ್ ಹಚ್ಚಿ, ರಾತ್ರಿಯಿಡೀ ಅವರ ಬದುಕಿನ ಕತೆ ಕೇಳಿದ್ದ. ಆ ಕತೆಗಳ ಹಕ್ಕಿಗೆ ಅವರಿಗೆ ಸಿಕ್ಕಿದ್ದು ಒಂದೊಂದು ಡಾಲರ್. ಆಮೇಲೆ ಕೆಲವರು ತಮ್ಮ ಬಾಳಿನಿಂದಲೇ ಹುಟ್ಟಿದ ಪಾತ್ರಕ್ಕೂ ಆಡಿಷನ್ ಕೊಡಬೇಕಾಯಿತು! ನಾನೇ ನಾನು ಎಂದು ಇನ್ನೊಬ್ಬರೆದುರು ರುಜುವಾತು ಮಾಡುವ ಆ ಗಳಿಗೆ ನನಗೆ ನಾಟಕಕ್ಕಿಂತ ಹೆಚ್ಚು ಕಾಡುತ್ತದೆ.

ಸಾಲಿನಲ್ಲಿರುವ ಕ್ಯಾಸಿಯ ಪಾಡು ಬೇರೆ. ಹಿಂದೆ ಒಂಟಿಯಾಗಿ ಕುಣಿದು ಹೆಸರು ಮಾಡಿದವಳು, ಸಿನಿಮಾ ನಂಬಿ ಲಾಸ್ ಏಂಜಲೀಸ್‌ಗೆ ಹೋಗಿ ಕೈಸುಟ್ಟುಕೊಂಡು ಬಂದಿದ್ದಾಳೆ. ಒಂದು ಕಾಲಕ್ಕೆ ಝ್ಯಾಕ್‌ನ ಜೊತೆಗೇ ಬಾಳಿದವಳು ಕೂಡ. ನೀನು ಈ ಸಾಲಿಗೆ ಹೇಳಿಸಿದವಳಲ್ಲ ಎನ್ನುತ್ತಾನೆ ಅವನು. ಅವಳು ಹಟ ಬಿಡುವುದಿಲ್ಲ. ಎಲ್ಲರ ಜೊತೆ ಕುಣಿಯುವಾಗ ಅವಳ ಕಾಲು ತುಸು ಮೇಲೆದ್ದರೂ, ತಲೆ ತುಸು ಹೊರಳಿದರೂ ಅವನು ಗದರುತ್ತಾನೆ. ಅವಳು ತಿದ್ದಿಕೊಳ್ಳುತ್ತಾಳೆ. ‘ಗುಂಪಿನಲ್ಲಿ ಗೋವಿಂದ’ ಎಂದು ನಾವು ಹಗುರವಾಗಿ ಆಡಿಕೊಳ್ಳುವುದುಂಟು. ಆದರೆ ಇಷ್ಟು ಬಲ್ಲವಳು ಇಷ್ಟು ಶ್ರಮಪಟ್ಟು ಗುಂಪಿನೊಳಗೆ ಸೇರುವುದನ್ನು ನೋಡಿದರೆ ಸೋಲು ಎನ್ನಲು ಮನಸ್ಸು ಬಾರದು. ಅವಳಿಗೆ ಬೇಕಾದದ್ದು ಮೆರೆಯುವುದಲ್ಲ, ಕುಣಿಯುವುದು.

ಕೊನೆಗೆ ಝ್ಯಾಕ್ ಕೆಲವರ ಹೆಸರು ಕರೆದು ಮುಂದೆ ಬರಹೇಳುತ್ತಾನೆ. ಬಂದವರ ಮುಖ ಅರಳುತ್ತದೆ. ಮರುಕ್ಷಣವೇ, ಕರೆದದ್ದು ಕಳಿಸುವುದಕ್ಕೆ ಎಂದು ತಿಳಿಯುತ್ತದೆ. ಕರೆಸಿಕೊಳ್ಳದೆ ಹಿಂದೆ ಉಳಿದವರಿಗೇ ಕೆಲಸ, ಕ್ಯಾಸಿ ಅವರಲ್ಲೊಬ್ಬಳು.

ಆಮೇಲಿನ ಹಾಡಿಗೆ ಆಯ್ಕೆಯಾದವರು, ಆಗದವರು ಎಲ್ಲರೂ ಬಂಗಾರದ ಬಣ್ಣದ ಒಂದೇ ಉಡುಪು, ಒಂದೇ ಟೋಪಿ ತೊಟ್ಟು ಬರುತ್ತಾರೆ. ಆಗಷ್ಟೇ ತನ್ನ ಬಾಳನ್ನೆಲ್ಲ ಹೇಳಿಕೊಂಡವಳು ಯಾರು ಎಂದು ಹುಡುಕಿದರೆ ಗುರುತು ಹತ್ತುವುದು ಕಷ್ಟ. ಅವರು ಯಾರ ಸುತ್ತ ಕುಣಿಯಬೇಕೋ ಆ ತಾರೆ ಮಾತ್ರ ಇಡೀ ನಾಟಕದಲ್ಲಿ ಬರುವುದೇ ಇಲ್ಲ. ಬ್ರಾಡ್‌ವೇಯಲ್ಲಿ 1990ರವರೆಗೆ 6,137 ಪ್ರದರ್ಶನಗಳಾದವು. ಅವಳೆಲ್ಲಿ ಎಂದು ಕೇಳಿ ಯಾರೂ ಟಿಕೆಟ್ ದುಡ್ಡು ವಾಪಸು ಬೇಡಿದಂತಿಲ್ಲ.