ಭೂಗೋಳದ ಪಾಠ ಮತ್ತು ಊರಾಚೆಯ ಕೇರಿ

ಹೈಸ್ಕೂಲಿನ ಭೂಗೋಳದಲ್ಲಿ ಜನವಸತಿ ಅನ್ನೋ ಪಾಠ ಬರುತ್ತದೆ. ನೀರಿರುವ ಕಡೆ, ಒಳ್ಳೆ ಮಣ್ಣಿರುವ ಕಡೆ, ಓಡಾಟಕ್ಕೆ ಅನುಕೂಲವಿರುವ ಕಡೆ ಜನ ನೆಲೆ ನಿಂತರು, ಹಾಗೆ ಊರುಗಳಾದವು. ಮನೆಗಳು ಒತ್ತೊತ್ತಾಗಿದ್ದರೆ ಕೇಂದ್ರೀಕೃತ ಜನವಸತಿ, ದೂರ ದೂರವಿದ್ದರೆ ಚದುರಿದ ಜನವಸತಿ. ಪಾಠ ಸುಳ್ಳಲ್ಲ. ಆದರೆ ನಮ್ಮ ಮನೆಗಳಿಂದ ಮೊದಲ ಸಲ ಪುಸ್ತಕ ಹಿಡಿದು ಬಂದ ನಾವು ಆ ಪುಟದಲ್ಲಿ ಹುಡುಕುವುದು ಒಂದನ್ನೇ: ನಮ್ಮ ಕೇರಿ ಯಾವ ಗುಂಪಿಗೆ ಸೇರುತ್ತದೆ? ಅದು ಒತ್ತಾಗಿಯೂ ಇದೆ, ಊರಿನಿಂದ ದೂರವೂ ಇದೆ. ದೂರ ಇಟ್ಟದ್ದು ಮಣ್ಣೋ, ನೀರೋ, ಮನುಷ್ಯನೋ?

ಪ್ರಕೃತಿಯಲ್ಲಿ ಭೇದವೇ ಇಲ್ಲ ಅಂತ ನಾವು ಹೇಳುತ್ತಿಲ್ಲ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರಿನ ಗಾಳಿ ಪಶ್ಚಿಮಘಟ್ಟಕ್ಕೆ ತಾಗಿ ಮೇಲೇರುತ್ತದೆ, ತಣ್ಣಗಾಗಿ ಮಳೆ ಸುರಿಸುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು. ಘಟ್ಟ ದಾಟಿ ಪೂರ್ವಕ್ಕೆ ಬರುವಷ್ಟರಲ್ಲಿ ಗಾಳಿಯ ಪಸೆ ಆರಿರುತ್ತದೆ. ಮಳೆನೆರಳಿನ ಚಳ್ಳಕೆರೆಯಲ್ಲಿ ಸರಾಸರಿ 500 ಮಿಲಿಮೀಟರೂ ಬೀಳೋದಿಲ್ಲ. ಇದಕ್ಕೆ ಯಾರನ್ನು ಬೈಯೋಣ? ಗಾಳಿಗೆ ಜಾತಿ ಗೊತ್ತಿಲ್ಲ. ಆದರೆ ಅದೇ ಮಳೆ ಬಾವಿಯ ನೀರಾದ ಮೇಲೆ ಯಾರು ಹಗ್ಗ ಇಳಿಸಬೇಕು, ಯಾರು ಕಟ್ಟೆಯ ಕೆಳಗೆ ಕೊಡ ಹಿಡಿದು ಕಾಯಬೇಕು ಅಂತ ತೀರ್ಮಾನ ಮಾಡಿದ್ದು ಯಾವ ಘಟ್ಟ?

ಮಹಾರಾಷ್ಟ್ರದ ಮಹಾಡ್ ಪಟ್ಟಣದ ಚವದಾರ್ ಕೆರೆಯನ್ನೇ ನೋಡಿ. ಸಾರ್ವಜನಿಕ ನೀರು ಅಸ್ಪೃಶ್ಯರಿಗೂ ಸಿಗಬೇಕು ಅಂತ ಮುಂಬಯಿ ಶಾಸನಸಭೆ 1923ರಲ್ಲೇ ನಿರ್ಣಯ ಮಾಡಿತ್ತು. ಪುರಸಭೆಯೂ ಒಪ್ಪಿತ್ತು. ನೀರು ಮಾತ್ರ ಸಿಕ್ಕಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಆ ನೀರು ಕುಡಿದರು. ಜನರ ಮೇಲೆ ಹಲ್ಲೆಯಾಯಿತು. ಕೆರೆಗೆ ಸಗಣಿ, ಗಂಜಲ ಸುರಿದು ‘ಶುದ್ಧಿ’ ಮಾಡಿದರು. ಮುಂಬಯಿ ಹೈಕೋರ್ಟು ದಲಿತರ ಪರ ತೀರ್ಪು ಕೊಟ್ಟದ್ದು 1937ರಲ್ಲಿ. ಅಷ್ಟೂ ಕಾಲ ಕೆರೆ ಅಲ್ಲೇ ಇತ್ತು, ನೀರೂ ಇತ್ತು. ಭೂಗೋಳದ ಲೆಕ್ಕದಲ್ಲಿ ಯಾವ ಕೊರತೆಯೂ ಇರಲಿಲ್ಲ.

‘ಊರು ಹಾಗೆ ಬೆಳೀತು’ ಅಂದುಬಿಟ್ಟರೆ ಬೆಳೆಸಿದವರು ಮಾಯವಾಗುತ್ತಾರೆ. ಮಾಡಿದವನೇ ಇಲ್ಲದ ಮೇಲೆ ತಪ್ಪಿತಸ್ಥ ಇಲ್ಲ, ಬದಲಿಸುವ ಹೊಣೆಯೂ ಯಾರದ್ದೂ ಅಲ್ಲ. ಅಜ್ಜನಿಗೆ ‘ಕರ್ಮ’ ಅಂತ ಹೇಳಿದ ವ್ಯವಸ್ಥೆಯೇ ಮೊಮ್ಮಗನಿಗೆ ‘ಪ್ರಕೃತಿ’ ಅಂತ ಹೇಳುತ್ತದೆ. ಅಸ್ಪೃಶ್ಯರು ಊರ ಹೊರಗೆ ಯಾಕಿದ್ದಾರೆ ಅನ್ನೋ ಪ್ರಶ್ನೆಯನ್ನು ಅಂಬೇಡ್ಕರರು 1948ರ ತಮ್ಮ ಪುಸ್ತಕದಲ್ಲಿ ನೇರವಾಗಿ ಕೇಳಿದರು. ಉತ್ತರವನ್ನು ಅವರು ಹುಡುಕಿದ್ದು ಚರಿತ್ರೆಯಲ್ಲಿ, ಮಣ್ಣಿನ ಗುಣದಲ್ಲಲ್ಲ.

ಆರ್ಥಿಕ ಚಟುವಟಿಕೆಯ ಪಾಠದ ಕಥೆಯೂ ಇದೇ. ಬೇಸಾಯ ಪ್ರಾಥಮಿಕ, ಕಾರ್ಖಾನೆ ದ್ವಿತೀಯಕ, ಸೇವೆ ತೃತೀಯಕ. ಬೇಸಾಯ ಅನ್ನೋ ಆ ಒಂದೇ ಮಾತಿನೊಳಗೆ ಹೊಲದ ಒಡೆಯನೂ ಇದ್ದಾನೆ, ಅವನ ಹೊಲದಲ್ಲಿ ದುಡಿದ ಜೀತದಾಳೂ ಇದ್ದಾನೆ. ಜೀತವನ್ನು 1976ರ ಕಾನೂನು ರದ್ದು ಮಾಡಿತು. ಮಲ ಹೊರುವುದನ್ನು 1993ರಲ್ಲಿ ಒಮ್ಮೆ, 2013ರಲ್ಲಿ ಇನ್ನೊಮ್ಮೆ ಕಾನೂನು ನಿಷೇಧಿಸಿತು. ಆದರೂ ಮ್ಯಾನ್‌ಹೋಲಿಗೆ ಇಳಿದವರು ಸಾಯುತ್ತಲೇ ಇದ್ದಾರೆ. ಅವರನ್ನು ಯಾವ ಸಾಲಿನಲ್ಲಿ ಬರೆಯೋಣ? ‘ಸೇವೆ’ ಅಂತಲೇ?

ಹಳ್ಳಿಯ ಮೇಷ್ಟ್ರು ಗೆಳೆಯರು ಒಂದು ಮಾತು ಕೇಳಬಹುದು: ಕರಿಹಲಗೆಯ ಮೇಲೆ ಕೇರಿ ಬರೆದರೆ ತರಗತಿಯ ಕಣ್ಣೆಲ್ಲ ಕೇರಿಯ ಮಕ್ಕಳ ಕಡೆ ತಿರುಗುತ್ತವಲ್ಲ, ಅವರಿಗೆ ನೋವಾಗಲ್ವೇ? ಇದು ತಳ್ಳಿಹಾಕುವ ಮಾತಲ್ಲ. ಆದರೆ ಆ ಮಕ್ಕಳಿಗೆ ಗೊತ್ತಿಲ್ಲದ್ದು ಏನೂ ಇಲ್ಲ. ಗೊತ್ತಿದ್ದನ್ನು ಒಬ್ಬರೇ ನುಂಗಿಕೊಂಡು ಕೂತಿದ್ದಾರೆ, ಅಷ್ಟೆ. ನಮ್ಮ ಮೌನ ಕಾಪಾಡುವುದು ಅವರನ್ನಲ್ಲ, ಊರೊಳಗಿನ ನೆಮ್ಮದಿಯನ್ನು. ಹಾಗಂತ ಕೇರಿಯ ಹುಡುಗಿಯನ್ನು ಎಬ್ಬಿಸಿ ‘ನಿಮ್ಮನೆ ಯಾಕಮ್ಮ ಅಲ್ಲಿದೆ’ ಅಂತ ಕೇಳುವುದು ಕ್ರೌರ್ಯ. ಪ್ರಶ್ನೆ ಇಡೀ ತರಗತಿಯದಾಗಬೇಕು: ಈ ಗೆರೆ ಎಳೆದವರು ಯಾರು? ಅಳಿಸಬೇಕಾದವರು ಯಾರು? ಊರೊಳಗೆ ಹುಟ್ಟಿದ ಮಗು ಹುಟ್ಟಿದ್ದಕ್ಕೆ ತಪ್ಪಿತಸ್ಥನಲ್ಲ. ಗೊತ್ತಾದ ಮೇಲೂ ಸುಮ್ಮನಿದ್ದರೆ ಅದರ ಹೊಣೆ ಅವನದೇ.

ಆದ್ದರಿಂದ ಮೇಷ್ಟ್ರೇ, ನದಿ ಮತ್ತು ಜನವಸತಿಯ ಪಾಠ ಮುಗಿದ ದಿನ ಎಲ್ಲ ಮಕ್ಕಳನ್ನೂ ಒಟ್ಟಿಗೆ ಹೊರಗೆ ಕರೆದುಕೊಂಡು ಹೋಗಿ. ನೀರಿನ ಟ್ಯಾಂಕಿನಿಂದ ದೇವಸ್ಥಾನದ ಬೀದಿಗೆ ಎಷ್ಟು ಹೆಜ್ಜೆ, ಕೇರಿಗೆ ಎಷ್ಟು ಹೆಜ್ಜೆ ಎಣಿಸಲಿ. ಪೈಪು ಮೊದಲು ಯಾವ ಬೀದಿಗೆ ಬಂತು, ಚರಂಡಿ ಎಲ್ಲಿಗೆ ಬಂದು ನಿಂತಿತು ಅಂತ ದೊಡ್ಡವರನ್ನು ಕೇಳಿ ಬರೆದುಕೊಳ್ಳಲಿ. ಸಂವಿಧಾನದ 15ನೇ ವಿಧಿ ಬಾವಿ, ಕೆರೆಗಳ ಹೆಸರು ಹಿಡಿದೇ ಮಾತಾಡುತ್ತದೆ; ಅದನ್ನೂ ಓದಿಸಿ. ಆಮೇಲೆ ನಕ್ಷೆ ಬರೆಸಿ. ಹೊಳೆಗೆ ನೀಲಿ, ಹೊಲಕ್ಕೆ ಹಸಿರು. ಕೇರಿಗೂ ಊರಿಗೂ ನಡುವಿನ ಗೆರೆಗೆ ಯಾವ ಬಣ್ಣ ಹಾಕಬೇಕು ಅಂತ ಮಕ್ಕಳು ಕೇಳುತ್ತಾರೆ. ಕೇಳಲಿ.